ಎಪ್ಪತ್ತಮೂರು ಒಡೆಯುವುದಿಲ್ಲ

ಮೂರ್ನಾಡಿನಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಗುರುವಪ್ಪನ ಹೆಂಡತಿ ಪೂವಮ್ಮ ಸಹನೆ ಇಲ್ಲದ ಹೆಂಗಸೇನಲ್ಲ. ಜಿಗಣೆ ಕಚ್ಚಿದರೆ ಸಹಿಸುತ್ತಿದ್ದಳು, ಮೂರು ದಿನ ಕರೆಂಟಿಲ್ಲದಿದ್ದರೆ ಸಹಿಸುತ್ತಿದ್ದಳು, ನಾದಿನಿ ಬಂದು ಹದಿನೈದು ದಿನ ಕೂತರೂ ಮುಖ ಗಂಟು ಹಾಕದೆ ಸಹಿಸುತ್ತಿದ್ದಳು. ಅವಳ ತಲೆ ಕೆಡುತ್ತಿದ್ದದ್ದು ಒಂದೇ ಒಂದು ಸಂಗತಿಗೆ. ಮನೆಯಲ್ಲಿ ಯಾರಾದರೂ ಒಂದು ಸಂಖ್ಯೆ ಬಾಯಿಬಿಟ್ಟರೆ ಸಾಕು, ಗಂಡ ಕಣ್ಣು ಮುಚ್ಚಿ ಅದನ್ನು ಒಡೆಯಲು ಶುರುಮಾಡುತ್ತಿದ್ದ.

ಒಡೆಯುವುದು ಅವನದೇ ಮಾತು. ಮದುವೆ, ತಿಥಿ, ಗೃಹಪ್ರವೇಶ ಎಂದು ಯಾರೇ ಬಂದು ಜನ ಇಷ್ಟು ಅಂದರೂ ಆ ಸಂಖ್ಯೆ ಎಷ್ಟೆಷ್ಟರ ಸಾಲಾಗಿ ಕೂರುತ್ತದೆ ಎಂದು ಅವನಿಗೆ ಮೊದಲು ಗೊತ್ತಾಗಬೇಕು. ಅದಕ್ಕೊಂದು ಕಾರಣವೂ ಇತ್ತು, ಇಲ್ಲ ಅನ್ನುವಂತಿಲ್ಲ. ಸಾಲುಗಳೆಲ್ಲ ಪೂರ್ತಿ ಇದ್ದರೆ ಕುರ್ಚಿಗಳನ್ನು ಒಂದೊಂದಾಗಿ ಎಣಿಸುವ ಕೆಲಸವೇ ಇಲ್ಲ. ಮುಂದಿನ ಸಾಲಲ್ಲಿ ಎಷ್ಟು, ಪಕ್ಕದಿಂದ ಎಷ್ಟು ಸಾಲು, ಎರಡನ್ನು ಗುಣಿಸಿದರೆ ಮುಗಿಯಿತು. ಒಂದು ಕುರ್ಚಿ ಕಾಣೆಯಾದರೂ ಹಲ್ಲು ಬಿದ್ದ ಬಾಯಿಯ ಹಾಗೆ ಗೇಟಿನಿಂದಲೇ ಕಾಣುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ತಾನೇ ಕಂಡುಕೊಂಡ ಉಪಾಯ ಅದು. ಆದರೆ ಉಪಾಯ ಅಂಗಡಿಯಲ್ಲಿ ಇರಬೇಕಪ್ಪ, ಅದು ಅಡಿಗೆಮನೆಗೂ ಬಂದರೆ ಹೆಂಗಸು ಬದುಕುವುದು ಹೇಗೆ?

ಸ್ವಂತ ಮದುವೆಯ ದಿನ, ಕೊರಳಲ್ಲಿ ಹಾರ ಹಾಕಿಕೊಂಡೇ ಮಂಟಪದಿಂದ ಇಳಿದು ಹೋಗಿ ಕೊನೆಯ ಸಾಲಿನ ಎರಡು ಕುರ್ಚಿ ತೆಗೆಸಿದ ಮಹಾಶಯ ಇವನು. ಪುರೋಹಿತರು ಬಾಯಿ ತೆರೆದುಕೊಂಡು ಕೂತಿದ್ದರು. ಆಗಲೇ ನನಗೆ ಅರ್ಥ ಆಗಬೇಕಿತ್ತು ಎಂದು ಪೂವಮ್ಮ ಇಪ್ಪತ್ತೇಳು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಅವಳೇನು ಸುಟ್ಟು ನೋಡಲಿಲ್ಲ, ಬೈದು ಬೈದು ನೋಡಿದಳು ಅಷ್ಟೇ.

ಮಗಳು ಮೋಕ್ಷಿತಾಗೆ ಮಾತ್ರ ಈ ಹುಚ್ಚು ಉಪಕಾರಕ್ಕೆ ಬಂತು. ಆರನೇ ಕ್ಲಾಸಿನಲ್ಲಿ ಅಪವರ್ತನ ಎಂಬ ಪಾಠ ತಲೆಗೆ ಹತ್ತದೆ ಅಳುತ್ತಾ ಕೂತವಳನ್ನು ಅಪ್ಪ ಅಂಗಳಕ್ಕೆ ಕರೆದುಕೊಂಡು ಹೋಗಿ ಇಪ್ಪತ್ತನಾಲ್ಕು ಕುರ್ಚಿ ಕೊಟ್ಟ. "ಎಷ್ಟು ನಮೂನೆಯಲ್ಲಿ ಪೂರ್ತಿ ಸಾಲು ಆಗ್ತದೆ, ಹಾಕಿ ನೋಡು" ಅಂದ. ಒಂದು ಸಾಲಲ್ಲಿ ಇಪ್ಪತ್ತನಾಲ್ಕು, ಎರಡು ಸಾಲಲ್ಲಿ ಹನ್ನೆರಡು, ಮೂರರಲ್ಲಿ ಎಂಟು, ನಾಲ್ಕರಲ್ಲಿ ಆರು. ಐದಕ್ಕೆ ಆಗಲಿಲ್ಲ. ಆರು ಸಾಲು ಹಾಕಲು ಹೊರಟಾಗ ಅಪ್ಪ ತಡೆದ. "ನಾಲ್ಕಾರು ಆಯ್ತಲ್ಲ, ಇನ್ನು ಆರುನಾಲ್ಕು. ಜೋಡಿ ತಿರುಗಿತು ಅಂದ್ರೆ ಇನ್ನು ಮುಂದೆ ಎಲ್ಲ ಹಳೆಯದೇ ಬರುದು. ನಿಲ್ಲಿಸು." ಆಮೇಲೆ ಒಂದು ಕುರ್ಚಿ ತೆಗೆದು ಇಪ್ಪತ್ತಮೂರು ಮಾಡಿ ಕೊಟ್ಟ. ಮಗು ಸಂಜೆಯವರೆಗೆ ಎಳೆದಾಡಿತು. ಒಂದೇ ಉದ್ದ ಸಾಲು ಬಿಟ್ಟರೆ ಬೇರೆ ಯಾವ ಸಾಲೂ ಪೂರ್ತಿಯಾಗಲಿಲ್ಲ. "ಇದು ಒಡೆಯದ ಜಾತಿ. ಇಂಥದ್ದು ಬಂದ್ರೆ ಒಂದು ಸೇರಿಸು, ಇಲ್ಲ ಒಂದು ತೆಗಿ" ಎಂದ ಗುರುವಪ್ಪ. ಪರೀಕ್ಷೆಯಲ್ಲಿ ಮೋಕ್ಷಿತಾಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂತು. ಪೂವಮ್ಮ ಆ ವರ್ಷ ಗಂಡನನ್ನು ಸ್ವಲ್ಪ ಕಮ್ಮಿ ಬೈದಳು.

ಆ ಮೋಕ್ಷಿತಾ ಈಗ ಕುಶಾಲನಗರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಈ ವರ್ಷ ಅವಳಿಗೆ ನಾಪೋಕ್ಲು ಕಡೆಯ ಮಿಲನ್ ಎಂಬ ಹುಡುಗನ ಜೊತೆ ಸಂಬಂಧ ಕೂಡಿಬಂತು. ಹುಡುಗ ಲೈನ್‌ಮನ್. ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದ್ದು ದೊಡ್ಡಮ್ಮ, ಅವನ ತಂದೆ ಶಿವಪ್ರಕಾಶ್ ಅವರ ಅತ್ತಿಗೆ ಬೊಳ್ಳಮ್ಮ. ಗಂಡ ತೀರಿಹೋಗಿ ಎಷ್ಟೋ ವರ್ಷವಾದ ಹೆಂಗಸು. ಹುಡುಗನ ಮನೆ ನೋಡಲು ಹೋದ ದಿನ ಅವರು ಅಡಿಗೆಮನೆಯ ಬಾಗಿಲಲ್ಲೇ ನಿಂತು, ಹೊರಡುವಾಗ ಪೂವಮ್ಮನ ಕೈ ಹಿಡಿದು, "ನಮ್ಮ ಹುಡುಗನಿಗೆ ಸಿಟ್ಟು ಇಲ್ಲ ತಂಗಿ, ಅಷ್ಟು ಮಾತ್ರ ನಾನು ಹೇಳಬಲ್ಲೆ" ಎಂದಿದ್ದರು. ಪೂವಮ್ಮನಿಗೆ ಹುಡುಗನಿಗಿಂತ ಮೊದಲು ಆ ದೊಡ್ಡಮ್ಮನೇ ಇಷ್ಟವಾಗಿದ್ದು.

ನಿಶ್ಚಿತಾರ್ಥ ಹುಡುಗಿಯ ಮನೆಯ ಅಂಗಳದಲ್ಲಿ ಎಂದಾಯಿತು. ನಾಲ್ಕು ದಿನ ಮೊದಲು ಗುರುವಪ್ಪ ಫೋನನ್ನು ಸ್ಪೀಕರಿಗೆ ಹಾಕಿ ಶಿವಪ್ರಕಾಶ್ ಅವರನ್ನು ಕೇಳಿದ, ಎಷ್ಟು ಜನ ಬರುತ್ತೀರಿ ಎಂದು.

"ಲೆಕ್ಕ ಹಾಕಿ ಆಯ್ತು ಗುರುವಪ್ಪ. ಎಪ್ಪತ್ತಮೂರು."

ಹಪ್ಪಳ ಒಣಗಿಸುತ್ತಿದ್ದ ಪೂವಮ್ಮ ತಲೆ ಎತ್ತಿದಳು. ಗಂಡನ ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಎರಡರಿಂದ ಹೋಗಲಿಲ್ಲ, ಮೂರರಿಂದ ಹೋಗಲಿಲ್ಲ, ಐದರಿಂದ, ಏಳರಿಂದ ಹೋಗಲಿಲ್ಲ. ಒಂಬತ್ತೊಂಬತ್ತಲಿ ಎಂಬತ್ತೊಂದು, ದಾಟಿತು. ಅಷ್ಟಕ್ಕೇ ಕಣ್ಣು ತೆರೆದ.

"ಅಣ್ಣ, ಎಪ್ಪತ್ತಮೂರು ಸರಿ ಹೋಗುದಿಲ್ಲ. ಒಬ್ಬರನ್ನು ಕಮ್ಮಿ ಮಾಡಿ. ಎಪ್ಪತ್ತೆರಡಾದ್ರೆ ಎಲ್ಲ ಚೆಂದ ಆಗ್ತದೆ."

"ಅರ್ಥ ಆಯ್ತು. ಹಾಗೇ ಮಾಡುವಾ" ಎಂದು ಶಿವಪ್ರಕಾಶ್ ಫೋನ್ ಇಟ್ಟರು.

ಪೂವಮ್ಮ ತಲೆ ಚಚ್ಚಿಕೊಂಡಳು. "ನಿಮಗೆ ಬುದ್ಧಿ ಉಂಟಾ? ಹುಡುಗನ ಕಡೆಯವರಿಗೆ ಒಬ್ಬರನ್ನು ಬಿಟ್ಟು ಬನ್ನಿ ಅನ್ನುದಾ? ಒಂದು ಎಲೆ ಅನ್ನಕ್ಕೆ ಗತಿ ಇಲ್ಲ ಅಂತ ತಿಳ್ಕೊಳ್ಳುದಿಲ್ವಾ ಅವರು?"

"ಅವರೇ ಸರಿ ಅಂದ್ರಲ್ಲ."

"ನಮ್ಮವರನ್ನೇ ಇಬ್ಬರನ್ನು ಸೇರಿಸಿ ಎಪ್ಪತ್ತೈದು ಮಾಡ್ಲಿಕ್ಕೆ ಎಂತ ಆಗಿತ್ತು?"

"ಅವರ ಪಂಕ್ತಿಯಲ್ಲಿ ನಮ್ಮವರು ಕೂತು ಮೊದಲು ಉಣ್ಣುದು ಮರ್ಯಾದೆಯಾ? ಮತ್ತೆ ಖಾಲಿ ಎಲೆ ಹಾಕಿದ್ರೆ ಅದು ತಿಥಿಯ ಹಾಗೆ ಆಗ್ತದೆ. ನೀನು ನೋಡ್ತಿರು. ಆರು ಹನ್ನೆರಡು. ಎಷ್ಟು ಚೆಂದ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ತಿರುಗಿ ಫೋನ್ ಮಾಡಿ ಎಂದು ಹಟ ಹಿಡಿಯಬೇಕಿತ್ತು ಪೂವಮ್ಮ. ಹಪ್ಪಳಕ್ಕೆ ಕಾಗೆ ಬಂತು, ಎದ್ದಳು. ಆಮೇಲೆ ಅರಿಸಿನ ಕುಟ್ಟುವುದು, ಸೀರೆಗೆ ಫಾಲ್ಸ್ ಹಚ್ಚುವುದು, ನೂರೆಂಟು ಕೆಲಸ. ಮಾತು ಅಲ್ಲಿಗೇ ಉಳಿಯಿತು.

ನಿಶ್ಚಿತಾರ್ಥದ ದಿನ ಹತ್ತೂವರೆಗೆ ಎರಡು ಬಸ್ಸು ಬಂದು ನಿಂತವು. ಎಪ್ಪತ್ತೆರಡು ಜನ ಇಳಿದು, ಹನ್ನೆರಡರ ಆರು ಸಾಲಿನಲ್ಲಿ ಗೆರೆ ಎಳೆದ ಹಾಗೆ ಕೂತರು. ಗುರುವಪ್ಪ ಹೊಸ ಪಂಚೆಯಲ್ಲಿ ಒಳಗೆ ಬಂದು, "ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿ ಹೋದ. ಅವನ ಮುಖ ನೋಡಿದರೆ ಮಗಳ ನಿಶ್ಚಿತಾರ್ಥ ಮುಗಿದೇ ಹೋಯಿತು ಅನ್ನಬೇಕು.

ಪೂವಮ್ಮ ಪಾನಕದ ತಟ್ಟೆ ಹಿಡಿದು ಆರು ಸಾಲನ್ನೂ ಹಾದು ಬಂದಳು. ಬೊಳ್ಳಮ್ಮ ಕಾಣಲಿಲ್ಲ. ಮಿಲನ್ ತಲೆ ತಗ್ಗಿಸಿ ಫೋನು ಒತ್ತುತ್ತಿದ್ದ, ಕೊಟ್ಟ ಪಾನಕ ಹಾಗೇ ಇತ್ತು. ಅವಳು ಶಿವಪ್ರಕಾಶ್ ಅವರ ಹತ್ತಿರ ಬಗ್ಗಿ, "ಅಕ್ಕ ಎಲ್ಲಿ ಅಣ್ಣ? ಹುಷಾರಿಲ್ವಾ?" ಎಂದಳು.

ಅವರು ದನಿ ತಗ್ಗಿಸಿದರು. "ನಿಮ್ಮ ಯಜಮಾನರು ಸೂಕ್ಷ್ಮವಾಗಿ ಹೇಳಿದ್ರಲ್ಲ, ಒಬ್ಬರನ್ನು ಕಮ್ಮಿ ಮಾಡಿ ಅಂತ. ನಮಗೆ ಅರ್ಥ ಆಯ್ತು. ಶುಭಕಾರ್ಯ, ಮುಂದೆ ಕೂರುವವರಲ್ಲಿ... ನೀವು ಹೇಳಿದ್ದು ತಪ್ಪು ಅಂತ ನಾನು ಹೇಳುದಿಲ್ಲ."

ಪೂವಮ್ಮ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟಳು. ವಿಧವೆ ಬರಬಾರದು ಅಂದವರು ನಾವು ಎಂದಾಯಿತಲ್ಲ. ಒಳಗೆ ಹೋದರೆ ಮೋಕ್ಷಿತಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಫೋನು. "ದೊಡ್ಡಮ್ಮ ಬರದೆ ಉಂಗುರ ಹಾಕುದಿಲ್ಲ ಅಂತಿದ್ದಾರೆ ಮಿಲನ್. ನಾವೇ ಬೇಡ ಅಂದದ್ದು ಹೌದಾ ಅಂತ ಕೇಳ್ತಿದ್ದಾರೆ. ನಾನು ಎಂತ ಹೇಳ್ಲಿ ಅಮ್ಮ?" ಮುಹೂರ್ತ ಇದ್ದದ್ದು ಹನ್ನೆರಡೂವರೆಯವರೆಗೆ.

ಪೂವಮ್ಮ ಗಂಡನನ್ನು ಕೊಟ್ಟಿಗೆಯ ಹಿಂದೆ ಎಳೆದುಕೊಂಡು ಹೋಗಿ ಹೇಳಿದಳು. ಅವನು ಹೋಗಿ ಕುರ್ಚಿ ಸಾಗಿಸುವ ಪಿಕಪ್ ತೆಗೆದ. ಅವಳೂ ಜರಿ ಸೀರೆಯಲ್ಲೇ ಹತ್ತಿ ಕೂತಳು. ನಾಪೋಕ್ಲುವರೆಗೆ ಅವಳು ಬಾಯಿ ಮುಚ್ಚಲಿಲ್ಲ. ಇಪ್ಪತ್ತೇಳು ವರ್ಷದ್ದು ಒಟ್ಟಿಗೆ ಬಂತು. ಅವನು ಒಂದೇ ಸಲ ಅಂದ, "ನಾನು ಯಾರನ್ನೂ ಬೇಡ ಅಂದಿಲ್ಲ ಪೂವಿ, ಸಂಖ್ಯೆ ಬೇಡ ಅಂದದ್ದು." ಅದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು.

ಬೊಳ್ಳಮ್ಮ ಹಳೆಯ ಸೀರೆಯಲ್ಲಿ ಅಂಗಳದಲ್ಲಿ ಕರಿಮೆಣಸು ಹರವುತ್ತಿದ್ದರು. ಇವರನ್ನು ನೋಡಿ ಗಾಬರಿಯಾದರು. ಪೂವಮ್ಮ ನಡೆದದ್ದೆಲ್ಲ ಹೇಳಿ, "ನಮ್ಮ ಮನಸ್ಸಲ್ಲಿ ಹಾಗೆ ಇರಲಿಲ್ಲ ಅಕ್ಕ. ಇವರ ತಲೆಯಲ್ಲಿ ಬರೀ ಕುರ್ಚಿ" ಎಂದಳು. ಗುರುವಪ್ಪನಿಗೆ ಸುಮ್ಮನಿರಲು ಬರಬೇಕಲ್ಲ, ಅಲ್ಲೂ ವಿವರಿಸಲು ಹೊರಟ. "ಎಪ್ಪತ್ತಮೂರು ಯಾವುದರಿಂದಲೂ ಒಡೆಯುದಿಲ್ಲ ಅಕ್ಕ. ಯಾರನ್ನು ತೆಗೆದ್ರೂ ಎಪ್ಪತ್ತೆರಡೇ. ಯಾರು ಅಂತ ನಾನು ಯೋಚನೆಯೇ ಮಾಡ್ಲಿಲ್ಲ."

ಬೊಳ್ಳಮ್ಮನಿಗೆ ಸಿಟ್ಟು ಇರಲಿಲ್ಲ. ಮೆಣಸಿನ ಮೇಲೆ ಕೈ ಆಡಿಸುತ್ತಲೇ ಹೇಳಿದರು. "ಯೋಚನೆ ಮಾಡ್ಬೇಕಿತ್ತು ಗುರುವಪ್ಪ. ಯಾರು ಅಂತ ಹೇಳದೆ ಒಬ್ಬರನ್ನು ಕಮ್ಮಿ ಮಾಡಿ ಅಂದ್ರೆ, ಕಮ್ಮಿ ಆಗುದು ಯಾವಾಗಲೂ ನಮ್ಮಂಥವರೇ. ನಿಮ್ಮ ಫೋನ್ ಬಂದ ಮೇಲೆ ನಮ್ಮ ಮನೆಯಲ್ಲಿ ಯಾರು ಅಂತ ಒಂದು ಚರ್ಚೆಯೂ ಆಗ್ಲಿಲ್ಲ."

ಗುರುವಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. ಹೊಸ ಪಂಚೆ ಎತ್ತಿಕಟ್ಟಿ ಕುಕ್ಕುರುಗಾಲಲ್ಲಿ ಕೂತು, ಮೆಣಸನ್ನು ಬಾಚಿ ಬುಟ್ಟಿಗೆ ತುಂಬತೊಡಗಿದ. "ಇದನ್ನು ನಾನು ಒಳಗಿಡ್ತೇನೆ. ನೀವು ಸೀರೆ ಉಟ್ಟು ಬನ್ನಿ ಅಕ್ಕ. ತಪ್ಪಾಯ್ತು." ಆ ಮಾತನ್ನು ಅವನ ಬಾಯಲ್ಲಿ ಪೂವಮ್ಮ ಕೇಳಿದ್ದು ಅದೇ ಮೊದಲು.

ಮಿಲನ್ ತಂದುಕೊಟ್ಟಿದ್ದ ಸೀರೆ ಇನ್ನೂ ಅಂಗಡಿಯ ಕವರಿನಲ್ಲೇ ಇತ್ತು. ಅದನ್ನು ಉಡಿಸಿ, ಪಿಕಪ್‌ನಲ್ಲಿ ಮಧ್ಯೆ ಕೂರಿಸಿಕೊಂಡು ಬಂದಾಗ ಹನ್ನೆರಡು ದಾಟಿತ್ತು. ಗುರುವಪ್ಪ ಒಂದು ಕುರ್ಚಿ ತಂದು, ಯಾವ ಸಾಲನ್ನೂ ನೋಡದೆ, ಎಲ್ಲರ ಮುಂದೆ ಮಿಲನ್ ಪಕ್ಕದಲ್ಲಿ ಹಾಕಿದ. ಬೊಳ್ಳಮ್ಮ ಕುರ್ಚಿಯ ತುದಿಯಲ್ಲಿ ಕೂತರು.

ಹುಡುಗನ ಕಡೆಯಿಂದ ವೀಳ್ಯದ ತಟ್ಟೆ ಕೊಡಬೇಕಿತ್ತು. ಶಿವಪ್ರಕಾಶ್ ತಟ್ಟೆ ಎತ್ತಿಕೊಂಡು ಎದ್ದರು. ಪೂವಮ್ಮ ಅವರ ಕಡೆ ಕೈ ಚಾಚಲಿಲ್ಲ. "ಸಾಕಿದವರು ಕೊಡಲಿ ಅಣ್ಣ" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಶಿವಪ್ರಕಾಶ್ ಅತ್ತ ಇತ್ತ ನೋಡುತ್ತಿದ್ದಂತೆ ಮಿಲನ್ ಎದ್ದು, ಅಪ್ಪನ ಕೈಯಿಂದ ತಟ್ಟೆ ತೆಗೆದುಕೊಂಡು ದೊಡ್ಡಮ್ಮನ ಕೈಗೆ ಕೊಟ್ಟ.

ಬೊಳ್ಳಮ್ಮ ತಟ್ಟೆಯ ವೀಳ್ಯದೆಲೆಗಳನ್ನು ಒಂದರ ಮೇಲೊಂದು ಸರಿಮಾಡಿದರು. "ಹದಿನೆಂಟು ವರ್ಷ ಆಯ್ತು ತಂಗಿ, ಇಂಥ ತಟ್ಟೆ ಮುಟ್ಟದೆ" ಎಂದರು, ಪೂವಮ್ಮನಿಗೆ ಮಾತ್ರ ಕೇಳುವಷ್ಟು.

"ಕೊಡಿ ಅಕ್ಕ" ಎಂದು ಪೂವಮ್ಮ ಎರಡೂ ಕೈ ಚಾಚಿದಳು.