ಡಿಸ್ಕಿಗೆ ಹೆದರುತ್ತಿದ್ದ ಭಾವ

ಶ್ರೀನಿವಾಸ ಭಾವ ಕಂಪ್ಯೂಟರಿನ ಡಿಸ್ಕಿಗೆ ಕೈ ಹಾಕಿದರೆ ಮೊದಲು ಅವರ ಬಾಯಿ ಒಣಗುತ್ತಿತ್ತು. ನಮ್ಮ ಯಜಮಾನರ ದೊಡ್ಡಪ್ಪನ ಮಗ. ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಅಷ್ಟು ಓದಿದವರು, ಡಿಸ್ಕ್ ಮುಟ್ಟುವಾಗ ಮಾತ್ರ ಎಳೆಗೂಸನ್ನು ಮೊದಲ ಸಲ ಎತ್ತಿಕೊಂಡ ಗಂಡಸಿನ ಹಾಗೆ ಆಗಿಬಿಡುತ್ತಿದ್ದರು. ಗಾಬರಿ ಹೆಚ್ಚಾದರೆ ಮಾತು ತೆಲುಗಿಗೆ ಹೊರಳುತ್ತಿತ್ತು. "ಆಗಮ್ಮಾ, ಆಗು" ಅನ್ನುವರು. ತಾಳು, ತಾಳು ಅಂತ. ನನಗೆ ನಗು ಬರುತ್ತಿತ್ತು.

ಮುಳಬಾಗಿಲಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಗಿರಾಕಿಗಳು ತರುವ ಫ್ಲಾಪಿಗಳಿಂದ ವಿಂಡೋಸ್‌ಗೆ ವೈರಸ್ ತಗಲುತ್ತದೆಂದು ಭಾವ ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ ಲಿನಕ್ಸನ್ನೂ ಹಾಕಿಕೊಟ್ಟಿದ್ದರು. ಬರಬರುತ್ತಾ ಲಿನಕ್ಸ್ ಕಡೆ ಜಾಗ ತುಂಬಿಹೋಯಿತು. ವಿಂಡೋಸ್ ಕಡೆ ಬೇಕಾದಷ್ಟು ಖಾಲಿ. ನಡುವಿನ ಬದು ಸ್ವಲ್ಪ ಸರಿಸಿಕೊಡಿ ಅಂದೆ. ವಿಂಡೋಸ್ ಕಡೆ ಏನೇನಿದೆ ಎಂದು ಭಾವ ಕೇಳಿದರು. ಅಮ್ಮನ ಹಾಡುಗಳಿದ್ದವು. ತೀರಿಕೊಳ್ಳುವ ಮುಂಚೆ ಮೈಕ್ ಮುಂದೆ ಕೂರಿಸಿ ಹಾಡಿಸಿದ್ದ ಹಸೆ ಹಾಡುಗಳು, ಬೇರೆಲ್ಲೂ ಇರಲಿಲ್ಲ. ಬದು ಸರಿಸುವಾಗ ಹೆಚ್ಚುಕಮ್ಮಿಯಾದರೆ ಅವೂ ಹೋಗುತ್ತವೆ ಅಂದರು ಭಾವ.

ಭಾವ ಹಾಡುಗಳನ್ನು ಸೀಡಿಗೆ ಬರೆದರು. ಆಯಿತಲ್ಲ, ಶುರು ಮಾಡಿ ಅಂದರೆ ಕೇಳಲಿಲ್ಲ. ಮನೆಗೆ ಒಯ್ದು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಹಾಡು ಅರ್ಧಕ್ಕೇ ನಿಂತುಹೋಯಿತಂತೆ. "ಹಾಕಿ ಕೇಳೋವರೆಗೂ ಅದು ಕಾಪಿ ಅಲ್ಲ ಕಣಮ್ಮ," ಅಂದರು. ಮತ್ತೆ ಬರೆದು, ಕೊನೆಯ ಹಾಡಿನವರೆಗೂ ಕೂತು ಕೇಳಿದರು.

ಆಮೇಲೂ ಕೆಲಸಕ್ಕೆ ಕೈ ಹಾಕಲಿಲ್ಲ. ಲೋಡ್ ಶೆಡ್ಡಿಂಗ್ ಮುಗಿದು ಕರೆಂಟ್ ಬರಲಿ ಎಂದು ಕಾದರು. ಒಂದು ಸಲ ತೆಗೆದು ಕೊಟ್ಟರೆ ಸಂಜೆಯವರೆಗೂ ಮತ್ತೆ ತೆಗೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಫ್ಯಾನ್ ತಿರುಗಿದ ಮೇಲೆಯೇ ಇನ್ನೊಂದು ಸೀಡಿಯಿಂದ ಕಂಪ್ಯೂಟರ್ ಶುರು ಮಾಡಿ, ವಿಂಡೋಸ್ ಭಾಗವನ್ನು ಕಿರಿದುಮಾಡಲು ಹಚ್ಚಿದರು. ತೆರೆಯ ಮೇಲಿನ ಪಟ್ಟಿ ಅರ್ಧ ತುಂಬಿತ್ತು, ಅಷ್ಟರಲ್ಲಿ ಫ್ಯಾನ್ ನಿಂತಿತು.

ಹಳೇ ಬ್ಯಾಟರಿಯ ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ನಾನು ಹೆದರಿ ಸ್ವಿಚ್ಚಿಗೆ ಕೈ ಚಾಚಿದೆ.

"ಆಗಮ್ಮಾ, ಆಗು. ಈಗ ನಾವಾಗೇ ನಿಲ್ಸಿದ್ರೆ ಖಂಡಿತ ಹೋಗುತ್ತೆ."

ಇಬ್ಬರೂ ಆ ಪಟ್ಟಿಯನ್ನೇ ನೋಡುತ್ತಾ ನಿಂತೆವು. ಅದು ತುಂಬುವ ಮೊದಲೇ ತೆರೆ ಕಪ್ಪಾಯಿತು.

ಕರೆಂಟ್ ಬಂದಾಗ ವಿಂಡೋಸ್ ಏಳಲಿಲ್ಲ. ಲಿನಕ್ಸ್ ಎದ್ದಿತು. ಭಾವ ಬೆವರು ಒರೆಸಿಕೊಳ್ಳುತ್ತಾ ಅದರಲ್ಲಿ ಸೀಡಿ ಹಾಕಿದರು. ಅಮ್ಮ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು. ನಾನು ಅತ್ತೇಬಿಟ್ಟೆ.

ಕೆಲವು ವರ್ಷಗಳ ಮೇಲೆ ಭಾವ ಪಾಠ ಮಾಡುತ್ತಿದ್ದಾಗಲೇ ಕುಸಿದು ಹೋಗಿಬಿಟ್ಟರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ನನ್ನನ್ನು ಒಳಕ್ಕೆ ಕರೆದು ಕೇಳಿದರು: "ಇವರ ದನಿ ನಿನ್ನ ಹತ್ರ ಎಲ್ಲಾದ್ರೂ ಇದೆಯೇನಮ್ಮ? ಹುಡುಕಿ ಕೊಡು."

ಅಂಗಡಿಯ ಸೀಡಿಗಳನ್ನೆಲ್ಲ ಹಾಕಿ ಕೇಳಿದೆ. ಯಾರ್‍ಯಾರದೋ ಮದುವೆ, ನಾಮಕರಣ, ನಮ್ಮಮ್ಮ. ಭಾವ ಎಲ್ಲೂ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಅವಸರದಲ್ಲಿ ಬಿಟ್ಟಿರ್ತೀಯ. ಇನ್ನೊಂದ್ಸಲ ನೋಡಮ್ಮ," ಅಂದರು.

ನೋಡ್ತೀನಕ್ಕ ಅಂದೆ.