ಅಪ್ಪಚ್ಚು ಅವರ ಪೆಡಲ್ ಮತ್ತು ಮದುಮಗನ ಕೂಲರ್

ಡ್ರಮ್ಮು ಬಾಡಿಗೆಗೆ ಸಿಗುತ್ತದೆ, ಪೆಡಲ್ ಸಿಗುವುದಿಲ್ಲ. ನಾಗಪುರದ ಮಹಾಲ್ ಪೇಟೆಯ ನನ್ನ ಮೈಕು-ಲೈಟಿನ ಅಂಗಡಿಗೆ ಬರುವವರಿಗೆ ಇದನ್ನು ಹೇಳಿ ಹೇಳಿ ಗಂಟಲು ಕೆಟ್ಟಿದೆ. ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಆ ಕಬ್ಬಿಣದ ಸಾಮಾನನ್ನು ನಮ್ಮೂರಿನ ಆರ್ಕೆಸ್ಟ್ರಾದವರು ಮನೆಯಿಂದಲೇ ತರುತ್ತಾರೆ, ಬೇರೆಯವರಿಗೆ ಮುಟ್ಟಲೂ ಕೊಡುವುದಿಲ್ಲ. ನನ್ನ ಅಂಗಡಿಯಲ್ಲೂ ಒಂದು ಒಳ್ಳೆಯ ಪೆಡಲ್ ಇತ್ತು. ಅದರ ಮೇಲೆ ಒಬ್ಬನೂ ಕಾಲಿಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಲಗ್ನದ ಸೀಸನ್ ಇಲ್ಲದಾಗ ಡ್ರಮ್ಮಿನವರೆಲ್ಲ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ನನ್ನ ಚಹಾ ಕುಡಿಯುತ್ತ ಜಗಳ ಮಾಡುತ್ತಿದ್ದರು. ಒಬ್ಬನಿಗೆ ಕಾಲಿಡುವ ಹಲಗೆ ಒಂದೇ ತುಂಡಿನದಿರಬೇಕು. ಇನ್ನೊಬ್ಬನಿಗೆ ಹಿಮ್ಮಡಿಯ ಹತ್ತಿರ ಮಡಚುವಂಥದ್ದೇ ಬೇಕು. ಸ್ಪ್ರಿಂಗು ಕಂಬದ ಒಳಗೆ ಅಡಗಿರುವ ಹಳೆಯ ಪೆಡಲೇ ಪೆಡಲ್ ಎಂದು ಒಬ್ಬ ಹೇಳಿದರೆ, ಕಣ್ಣಿಗೆ ಕಾಣದ ಸ್ಪ್ರಿಂಗನ್ನು ಹೇಗೆ ನಂಬುವುದು ಎಂದು ಪಕ್ಕದವನ ತಕರಾರು. ಡ್ರಮ್ಮಿಗೆ ಬಡಿಯುವ ಕೋಲಿನ ತಲೆಗೆ ಉಣ್ಣೆ ಇರಬೇಕೋ ಮರ ಇರಬೇಕೋ ಎಂಬ ಮಾತಿನಲ್ಲಿ ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತುಹೋಗಿತ್ತು. ಎಲ್ಲರೂ ಒಪ್ಪುತ್ತಿದ್ದದ್ದು ಒಂದೇ: ಒಳ್ಳೆಯ ಪೆಡಲ್ ಮಾಡುವವರು ಸತ್ತುಹೋಗಿದ್ದಾರೆ.

ಇವರೆಲ್ಲರಿಗಿಂತ ಹಠಮಾರಿ ಅಪ್ಪಚ್ಚು. ಕೊಡಗಿನವರು, ಮಿಲಿಟರಿ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತ ನಾಗಪುರದ ಪಕ್ಕದ ಕಾಮಠಿಗೆ ಬಂದವರು, ಪಿಂಚಣಿಯಾದ ಮೇಲೆ ಅಲ್ಲೇ ಉಳಿದರು. ರಿಹರ್ಸಲ್ಲಿಗೂ ಇಸ್ತ್ರಿ ಮಾಡಿದ ಅಂಗಿ, ತಿರುವಿದ ಮೀಸೆ. ಬ್ಯಾಂಡಿನವರು ಬೇಡವೆಂದು ಹರಾಜಿಗಿಟ್ಟ ಇಂಗ್ಲೆಂಡಿನ ಹಳೆಯ ಪೆಡಲ್ ಅವರ ಪಾಲಿಗೆ ಬಂದಿತ್ತು. ಅದರಲ್ಲಿ ಕಾಲಿನ ಹಲಗೆಯನ್ನೂ ಮೇಲಿನ ಕೋಲನ್ನೂ ಜೋಡಿಸುವುದು ಒಂದು ಚರ್ಮದ ಪಟ್ಟಿ. ಹಲಗೆ ತುಳಿದರೆ ಪಟ್ಟಿ ಎಳೆಯುತ್ತದೆ, ಕೋಲು ಹೋಗಿ ಬಡಿಯುತ್ತದೆ. ಆ ಪಟ್ಟಿಗೆ ಹರಳೆಣ್ಣೆ ಸವರಿ, ಪೆಡಲನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ತರುತ್ತಿದ್ದರು. ಅವರ ಕಾಲು ಹಿಡಿದ ಲಯ ಓಡುತ್ತಿರಲಿಲ್ಲ, ಕುಂಟುತ್ತಿರಲಿಲ್ಲ. ಪಲ್ಟನ್ನನ್ನೇ ನಡೆಸಿದ ಕಾಲು ಅದು. ಉಮಾಕಾಂತನ ಆರ್ಕೆಸ್ಟ್ರಾದಲ್ಲಿ ಬಾರಿಸುವುದೇ ಅವರ ಜೀವ. ಪ್ರೋಗ್ರಾಮ್ ಇಲ್ಲದ ದಿನ ಮನೆಯ ಗುಲಾಬಿ ಗಿಡಗಳಿಗೆ ಆರ್ಡರ್ ಕೊಡುತ್ತ ಕೂತಿರುತ್ತಿದ್ದರು.

ಚರ್ಮಕ್ಕೆ ವೈರಿ ನಾಗಪುರದ ಮೇ ತಿಂಗಳು. ಬಿಸಿಲಲ್ಲ, ಕೂಲರ್. ಆರತಕ್ಷತೆಯ ವೇದಿಕೆಯ ಮೇಲೆ ಮದುಮಗ ಬೇಯಬಾರದೆಂದು ಗೋದ್ರೇಜ್ ಕಪಾಟಿನಷ್ಟು ದೊಡ್ಡ ಕೂಲರ್ ಇಡುತ್ತಾರೆ. ಅದು ಗಾಳಿಯ ಜೊತೆ ನೀರನ್ನೂ ಉಗುಳುತ್ತದೆ. ಮದುಮಗನ ಹಿಂದೆ ನಾವು, ಆರ್ಕೆಸ್ಟ್ರಾದವರೂ ಅವರ ಮೈಕಿನವನಾದ ನಾನೂ. ಚರ್ಮ ಆ ತೇವ ಕುಡಿದು ಉದ್ದವಾಗುತ್ತದೆ, ಹಲಗೆ ಜೋತುಬೀಳುತ್ತದೆ. ತೊಂಬತ್ತೆಂಟರ ಬೇಸಿಗೆಯಲ್ಲಿ ಧರಮಪೇಠದ ಒಂದು ಲಗ್ನದಲ್ಲಿ ಹೀಗೇ ಆಯಿತು. ಹಾಡು ಮುಂದೆ, ಡ್ರಮ್ಮು ಹಿಂದೆ. ಹಾಡುವ ಚಾರುಲತಾ ತಿರುಗಿ ತಿರುಗಿ ಕಣ್ಣು ಬಿಟ್ಟಳು.

ಮರುದಿನ ಅಪ್ಪಚ್ಚು ಕಟ್ಟೆಯ ಮೇಲೆ ಕೂತಿದ್ದಾಗ ಉಮಾಕಾಂತ ನನ್ನ ಅಂಗಡಿಗೇ ಬಂದ. ಹಗಲು ಬ್ಯಾಂಕಿನ ನೌಕರಿ, ಸಂಜೆ ಕೀಬೋರ್ಡು, ಮೂಲ ಧಾರವಾಡದವನು.

"ಸಾಹೇಬ್ರ, ಚೈನ್ ಪೆಡಲ್ ತಗೋರಿ. ಇಲ್ಲಂದ್ರ ಸೀಟು ದತ್ತೂಗ ಕೊಡ್ತೀನಿ" ಎಂದ.

ದತ್ತು ನಮ್ಮ ಓಣಿಯ ಡ್ರಮ್ಮರ್. ಚೈನ್ ಹಾಕಿದ ಹೊಳೆಯುವ ಪೆಡಲ್ ಅವನದು.

"ಚೈನ್ ಇರೋದು ಸೈಕಲ್ಲಿಗೆ, ಉಮಾಕಾಂತ್. ನಾನು ಸೈಕಲ್ ಹೊಡೆಯೋಕೆ ಬರ್ತಿಲ್ಲ" ಎಂದರು ಅಪ್ಪಚ್ಚು.

ಮಾತು ಬೆಳೆಯಿತು. ಕೊನೆಗೆ ಉಮಾಕಾಂತ ಒಂದು ಅವಕಾಶ ಕೊಟ್ಟ. ರಾಮದಾಸಪೇಠದ ಡಾಕ್ಟರ್ ನರಹರಿಯವರ ಮಗಳ ಆರತಕ್ಷತೆ ಬರುವ ವಾರ ಇತ್ತು. ಅಲ್ಲಿ ಡ್ರಮ್ಮು ಹಿಂದೆ ಬಿದ್ದರೆ ಸೀಟು ದತ್ತುವಿನದು.

ನಾನು ಮಂಟಪದವನ ಹತ್ತಿರ ಹೋಗಿ ಕೂಲರ್ ತಿರುಗಿಸು ಎಂದು ಗಂಟುಬಿದ್ದೆ. "ಮದುಮಗ ಸೂಟು ಹಾಕ್ತಾನ. ನಿಮ್ಮ ಡ್ರಮ್ಮು ಸೂಟು ಹಾಕ್ತೈತೇನು?" ಎಂದು ಕೇಳಿದ ಆ ಭಾಡ್ಯಾ. ಅವನ ಅಂಗಿ ಹಿಡಿದದ್ದು ನಿಜ, ಹರಿದದ್ದು ಸುಳ್ಳು.

ಅಪ್ಪಚ್ಚು ತಾವೇ ಉಪಾಯ ಹುಡುಕಿದರು. ಚರ್ಮ ತಾನೇ ಸಡಿಲಾಗುವುದು, ಬಟ್ಟೆ ಆಗುವುದಿಲ್ಲವಲ್ಲ. ಮಿಲಿಟರಿಯಲ್ಲಿ ಕೊಟ್ಟಿದ್ದ ದಪ್ಪ ನೂಲಿನ ಬೆಲ್ಟೊಂದು ಅವರ ಟ್ರಂಕಿನಲ್ಲಿ ಹೊಸದಾಗಿಯೇ ಮಲಗಿತ್ತು. ಅದನ್ನು ಕತ್ತರಿಸಿ, ಚಪ್ಪಲಿ ಹೊಲಿಯುವ ಗೋವಿಂದನ ಕೈಯಲ್ಲಿ ತೂತು ಹಾಕಿಸಿ ಪೆಡಲಿಗೆ ಬಿಗಿದರು. ನನ್ನ ಅಂಗಡಿಯಲ್ಲೇ ಬಾರಿಸಿ ನೋಡಿದೆವು. ಬರೋಬರ್ ಇತ್ತು. ನನ್ನ ಅಂಗಡಿಯಲ್ಲಿ ಇರುವುದು ಫ್ಯಾನು, ಕೂಲರ್ ಅಲ್ಲ. ಹೊಸ ನೂಲು ನೀರು ಕಂಡರೆ ಕುಗ್ಗುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ನಮ್ಮಲ್ಲಿ ಒಬ್ಬನಾದರೂ ಮನೆಯಲ್ಲಿ ಬಟ್ಟೆ ಒಗೆದಿದ್ದರೆ ಹೊಳೆಯುತ್ತಿತ್ತು.

ಡಾಕ್ಟರರ ಆರತಕ್ಷತೆಯಲ್ಲಿ ಮೊದಲ ಹಾಡುಗಳು ಚೆನ್ನಾಗಿ ಹೋದವು. ಉಮಾಕಾಂತ ತಲೆಯಾಡಿಸಿದ. ದತ್ತು ತನ್ನ ಪೆಡಲನ್ನು ಚೀಲದಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ, ಪಂಕ್ತಿಯಲ್ಲಿ ಊಟ ಮಾಡುತ್ತಿರುವವರ ಹಿಂದೆ ನಿಂತು ಎಲೆ ಖಾಲಿಯಾಗುವುದನ್ನು ಕಾಯುವವನ ಹಾಗೆ.

ಆಮೇಲೆ ಚಾರುಲತಾ ವಿರಹದ ಹಾಡೊಂದನ್ನು ಎತ್ತಿಕೊಂಡಳು. ಅಷ್ಟರಲ್ಲಿ ಕೂಲರಿನ ನೀರು ಪಟ್ಟಿಗೆ ಇಳಿದಿತ್ತು. ಪಟ್ಟಿ ಕುಗ್ಗಿ ಹಲಗೆ ಮೇಲೆದ್ದು ನಿಂತಿತು. ಬೆರಳು ತಾಗಿದರೆ ಸಾಕು, ಕೋಲು ಹೋಗಿ ಗುದ್ದುತ್ತಿತ್ತು. ಅಪ್ಪಚ್ಚು ಹಿಡಿದು ನಿಲ್ಲಿಸಬೇಕೆಂದಷ್ಟೂ ಅದು ಮುಂದೋಡಿತು. ಎರಡನೇ ಚರಣದ ಹೊತ್ತಿಗೆ ಚಾರುಲತಾಳ ನಲ್ಲ ದೂರ ಹೋಗಿದ್ದಾನೋ ಬಸ್ಸಿನಿಂದ ಇಳಿಯುತ್ತಿದ್ದಾನೋ ತಿಳಿಯದಾಯಿತು. ಡಾಕ್ಟರರ ಸೋದರತ್ತೆ ಸೆರಗು ಸಿಕ್ಕಿಸಿ ಕುಣಿಯಲು ಎದ್ದರು. ಅವರ ಹಿಂದೆ ಉಳಿದ ಹೆಂಗಸರು, ಅವರ ಹಿಂದೆ ಬೀಗರು. ಕೊಳಲಿನವನು ಉಸಿರು ಸಾಲದೆ ಕೊಳಲು ಕೆಳಗಿಟ್ಟ. ಊಟಕ್ಕೆ ಯಾರೂ ಬರುತ್ತಿಲ್ಲ, ಪೂರಿ ತಣ್ಣಗಾಗುತ್ತಿವೆ ಎಂದು ಅಡುಗೆಯವನು ಬಂದು ನನ್ನ ಮೇಲೆ ಹಾರಾಡಿದ. ಉಮಾಕಾಂತನಿಗೆ ಜನ ಕುಣಿಯುವುದಷ್ಟೇ ಕಂಡಿತು. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಸಂದು ಬಿಡಲಿಲ್ಲ. ಅಪ್ಪಚ್ಚು ಮಾತ್ರ ಮುಖ ಕೆಂಪಗೆ ಮಾಡಿಕೊಂಡು, ಹುಕುಂ ಮೀರಿದ ಸಿಪಾಯಿಯನ್ನು ನೋಡುವ ಹಾಗೆ ತಮ್ಮ ಬಲಗಾಲನ್ನೇ ನೋಡುತ್ತಿದ್ದರು.

ಮುಗಿದ ಮೇಲೆ ಡಾಕ್ಟರರು ಉಮಾಕಾಂತನನ್ನು ತಬ್ಬಿಕೊಂಡರು. ಅವರ ತಮ್ಮ ಹೃಷಿಕೇಶ ತನ್ನ ಮಗನ ಲಗ್ನಕ್ಕೂ ಇದೇ ಮೀಸೆಯ ಡ್ರಮ್ಮಿನವರು ಬರಬೇಕೆಂದು ಅಲ್ಲೇ ಗೊತ್ತುಮಾಡಿದ. ದತ್ತು ಹತ್ತಿರ ಬಂದು ಆ ಪಟ್ಟಿ ಎಲ್ಲಿ ಸಿಗುತ್ತದೆ ಕಾಕಾ ಎಂದು ಮೆಲ್ಲಗೆ ಕೇಳಿದ.

ಉಮಾಕಾಂತ ಕುಣಿಯುತ್ತಲೇ ಬಂದ. "ಸೀಟು ನಿಮ್ದ, ಸಾಹೇಬ್ರ. ಇದ ಪಟ್ಟಿ, ಇದ ಕೂಲರ್. ಇನ್ನ ಮ್ಯಾಲೆ ಹಿಂಗ ಇರ್ಲಿ."

ಅಪ್ಪಚ್ಚು ಪೆಡಲಿನ ತಿರುಪು ಬಿಚ್ಚುತ್ತಿದ್ದರು. "ಬಾರಿಸಿದ್ದು ನಾನಲ್ಲ, ಕೂಲರ್. ಅದನ್ನೇ ಕೂರಿಸ್ಕೊಳ್ಳಿ."

"ಮಂದಿ ಕುಣದ್ರಲ್ರೀ."

"ಅಳೋ ಹಾಡಿಗೆ ಯಾಕೆ ಕುಣೀಬೇಕು?"

ಚರ್ಮದ ಪಟ್ಟಿಯಾದರೆ ಬರುತ್ತೇನೆ, ಹಾಡು ಎಷ್ಟು ನಿಧಾನವೋ ಅಷ್ಟೇ ನಿಧಾನ, ಕೂಲರಿನ ಗಾಳಿ ಡ್ರಮ್ಮಿಗೆ ಬರಕೂಡದು ಎಂದರು. ಹೃಷಿಕೇಶನಿಗೆ ಮಾತು ಕೊಟ್ಟ ಉಮಾಕಾಂತನಿಗೆ ಅವರನ್ನು ಬಿಡುವ ಹಾಗಿರಲಿಲ್ಲ, ಒಪ್ಪುವ ಮನಸ್ಸೂ ಇರಲಿಲ್ಲ. ಇಬ್ಬರೂ ಅರ್ಧ ತಾಸು ಗುರುಗುಟ್ಟಿದರು. ನನ್ನ ತಲೆ ಕೆಟ್ಟಿತು. ಉಮಾಕಾಂತ ಆರ್ಕೆಸ್ಟ್ರಾ ಎಂದು ಬರೆದ ದೊಡ್ಡ ಪ್ಲೈವುಡ್ ಬೋರ್ಡನ್ನು ಎತ್ತಿ ತಂದು ಇನ್ನೂ ತಿರುಗುತ್ತಿದ್ದ ಕೂಲರಿಗೂ ಡ್ರಮ್ಮಿಗೂ ನಡುವೆ ಕುಕ್ಕಿದೆ. ಇನ್ನು ಇದು ಇಲ್ಲೇ ಇರುತ್ತದೆ, ಹೆಸರು ಯಾರಿಗೆ ಕಾಣದಿದ್ದರೂ ಸರಿ, ತೆಗೆದವನ ಕೈ ಮುರಿಯುತ್ತೇನೆ ಎಂದೆ. ಗಾಳಿ ನಿಂತಿತು. ಅಪ್ಪಚ್ಚು ಬೋರ್ಡಿನ ಹಿಂದೆ ಕೈ ಆಡಿಸಿ ನೋಡಿ, ಬರುತ್ತೇನೆ ಎಂದರು. ಉಮಾಕಾಂತ ತನ್ನ ಹೆಸರು ಕೂಲರಿನ ಕಡೆ ಮುಖ ಮಾಡಿದ್ದನ್ನು ನೋಡುತ್ತ ಹೂಂ ಎಂದ.

ಹೃಷಿಕೇಶನ ಮಗನ ಲಗ್ನದಲ್ಲಿ ಸೋದರತ್ತೆ ಮೊದಲೇ ಸೆರಗು ಸಿಕ್ಕಿಸಿಕೊಂಡು ಕೂತಿದ್ದರು. ಚಾರುಲತಾ ಅದೇ ವಿರಹದ ಹಾಡು ತೆಗೆದಳು. ಚರ್ಮದ ಪಟ್ಟಿ ಒಣಗಿಯೇ ಇತ್ತು, ಡ್ರಮ್ಮು ಹಿಂದೆ ಬೀಳಲಿಲ್ಲ, ಮುಂದೂ ಹೋಗಲಿಲ್ಲ. ಹೆಂಗಸರು ಕಾದು ಕಾದು ಸಿಕ್ಕಿಸಿದ ಸೆರಗನ್ನು ಇಳಿಬಿಟ್ಟರು. ಡ್ರಮ್ಮಿನವರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಹೃಷಿಕೇಶ ಬಂದು ನನ್ನನ್ನು ಕೇಳಿದ.

"ಆರಾಮ ಅದಾರ" ಎಂದೆ. "ಹಾಡು ಇರೋದ ಹಿಂಗ. ಕೂತು ಅಳ್ರಿ."