ಕುರುಡಿಯ ಬೀಜ

ಸಸ್ಯ ಪ್ರಯೋಗಾಲಯದ ಕತ್ತಲೆಕೋಣೆಗೆ ಅವರು ಸಹಾಯಕರಾಗಿ ಸೇರಿದ್ದು 1991ರ ಜೂನ್ 3, ಸೋಮವಾರ. ಹಗಲೆಲ್ಲ ಕೆಂಪು ದೀಪದಡಿ ಮೊಳಕೆ ಬೆಳೆಸುವವರಾದ್ದರಿಂದ ಊರಿಗೆಲ್ಲ ಗೂಬಣ್ಣ, ಹೆಂಡತಿಯೂ "ಬಂದ್ರಾ ಗೂಬಣ್ಣ?" ಎಂದೇ ಬಾಗಿಲು ತೆಗೆಯುತ್ತಿದ್ದಳು.

ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದದ್ದು ಒಂದೇ ತಳಿಯನ್ನು: ಕುರುಡಿ. ಸಾಮಾನ್ಯ ಮೊಳಕೆಯಲ್ಲಿರುವ ಒಂದು ಪ್ರೋಟೀನಿನ ಮಡಿಕೆಯೊಳಗೆ ಫ್ಲೇವಿನ್ ಎಂಬ ಹಳದಿ ಅಣು ಕುಳಿತಿರುತ್ತದೆ. ನೀಲಿ ಬೆಳಕು ತಗುಲಿದೊಡನೆ ಅದು ನೆರೆಯ ಗಂಧಕದ ಪರಮಾಣುವಿನ ಕೈಹಿಡಿಯುತ್ತದೆ. ಆಗ ಪ್ರೋಟೀನಿನ ಬಿಗಿ ಸಡಿಲಿ, ಮಲಗಿದ್ದ ಅದರ ಬಾಲ ಎಚ್ಚೆತ್ತು, ಫಾಸ್ಫೇಟ್ ಅಂಟಿಸುವ ಕೆಲಸಕ್ಕೆ ತೊಡಗುತ್ತದೆ. ಬೆಳವಣಿಗೆಯ ಹಾರ್ಮೋನು ನೆರಳಿನ ಬದಿಗೆ ಸರಿದು ಕಾಂಡ ಬೆಳಕಿನತ್ತ ಬಾಗುತ್ತದೆ. ಕತ್ತಲಾದರೆ ಕೆಲವು ನಿಮಿಷಗಳಲ್ಲೇ ಹಿಡಿದ ಕೈ ಬಿಟ್ಟುಹೋಗುತ್ತದೆ. ಕುರುಡಿಯಲ್ಲಿ ಆ ಜಾಗದ ಗಂಧಕವೇ ಇಲ್ಲ. ಫ್ಲೇವಿನ್ ಬೆಳಕು ಹೀರಿದರೂ ಹಿಡಿಯಲು ಕೈಯಿಲ್ಲ; ಮಂದ ನೀಲಿ ಬೆಳಕಿಗೆ ಕಾಂಡ ಕೋಲಿನಂತೆ ನೆಟ್ಟಗೇ ನಿಲ್ಲುತ್ತದೆ. ಬೇರೆಲ್ಲ ಕಡೆ ಆ ತಳಿ ನಶಿಸಿತ್ತು.

2021ರ ಫೆಬ್ರುವರಿ 9ರಂದು ಹೊಸ ಮುಖ್ಯಸ್ಥೆ ಹೇಳಿದಳು: "ಶುಕ್ರವಾರದ ಪರೀಕ್ಷೇಲಿ ಕುರುಡಿ ನೆಟ್ಟಗೆ ನಿಂತ್ರೆ ಈ ಕೋಣೆನೂ ಉಳಿಯುತ್ತೆ, ನೀವೂ ಉಳೀತೀರಿ. ಇಲ್ದಿದ್ರೆ ತಿಂಗಳ ಕೊನೆಗೆ ಬೀಗ."

"ನಿಲ್ಲದೆ ಏನು? ನನಗಿಂತ ಹಟಮಾರಿ ಅದು."

ಶುಕ್ರವಾರ, 12ನೆಯ ತಾರೀಖು, ಕುರುಡಿ ಬಿತ್ತಿಟ್ಟಿದ್ದ, ಒಂದು ಬದಿಯ ಸೀಳಿನಿಂದ ಮಾತ್ರ ನೀಲಿ ಬೆಳಕು ಬೀಳುವ ಪೆಟ್ಟಿಗೆಯನ್ನು ತೆರೆದರು. ತಟ್ಟೆಯ ನಲವತ್ತೆರಡು ಮೊಳಕೆಗಳೂ ನೀಲಿ ಸೀಳಿನತ್ತ ತಲೆ ಬಾಗಿಸಿ ನಿಂತಿದ್ದವು.

"ಬೀಜದ ಪೊಟ್ಟಣ ಕೊಡಿ," ಎಂದಳಾಕೆ, ಹೊರಗಿನ ಬೆಳಕಿನ ಕೋಣೆಗೆ ಬಂದು. ಸಾಮಾನ್ಯ ಬೀಜಕ್ಕೆ ನೀಲಿ ಕಾಗದ, ಕುರುಡಿಗೆ ಕಪ್ಪು. ಇದು ಅವರೇ ಮಾಡಿದ ಏರ್ಪಾಟು. ಅವರು ಕೊಟ್ಟರು. "ಇದು ನೀಲಿ ಅಲ್ವಾ?" ಎಂದಳು ಆಕೆ.

"ತಮಾಷೆ ಮಾಡ್ಬೇಡಿ ತಾಯಿ. ಇದ್ದಿಲಿನ ಹಾಗಿದೆ."

ಆಕೆ ನಗಲಿಲ್ಲ. ತನ್ನ ಚೀಲದಿಂದ ಕಪ್ಪು ಕಾಗದವೊಂದನ್ನು ತೆಗೆದು ಪೊಟ್ಟಣದ ಪಕ್ಕದಲ್ಲಿಟ್ಟಳು. ಅವರು ಕಿಟಕಿಯ ಬಳಿಗೊಯ್ದು, ಕನ್ನಡಕ ಒರೆಸಿ, ಮತ್ತೆ ನೋಡಿದರು. ಅವರ ಕಣ್ಣಿಗೆ ಎರಡೂ ಒಂದೇ ಆಗಿದ್ದವು.

ಕುರುಡಿಯ ಬೀಜದ ಡಬ್ಬಿಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಆಕೆ ಹರಡಿದಳು. ಒಂದೂ ಕಪ್ಪಿರಲಿಲ್ಲ. ತಳಿಯನ್ನು ಹೊಸದಾಗಿ ಬಿತ್ತಿದ್ದು 2017ರ ಆಗಸ್ಟ್ 14ರಂದು. ಅಂದೇ ಅವರ ಕೈ ಸಾಮಾನ್ಯ ಬೀಜದ ನೀಲಿ ಪೊಟ್ಟಣಕ್ಕೆ ಹೋಗಿತ್ತು. ಹೊಸ ಬೀಜ ಬಂದ ಮೇಲೆ ಹಳೆಯದನ್ನು ನಿಯಮದಂತೆ ತಾವೇ ಸುಟ್ಟಿದ್ದರು.

"ಬೇಲಿಯೇ ಎದ್ದು ಹೊಲ ಮೇಯ್ತು," ಎಂದರು ಮೆಲ್ಲಗೆ.

"ಕಣ್ಣಲ್ಲಿ ಪೊರೆ ಬಂದಿರ್ಬೇಕು, ಅಣ್ಣ. ಪೊರೆ ಹಳದಿಯಾದ್ರೆ ನೀಲೀನ ತಡೆಯುತ್ತೆ. ತೆಗೆಸಿದ್ರೆ ಮತ್ತೆ ಕಾಣುತ್ತೆ."

"ನೀಲಿ ಕಾಣುತ್ತಮ್ಮ. ಕುರುಡೀನ ಎಲ್ಲಿಂದ ತರ್ಲಿ?"

ಅವರು ತಟ್ಟೆಯನ್ನೆತ್ತಿಕೊಂಡು ಹೋಗಿ ಕಸದ ಡಬ್ಬಿಗೆ ಮಗುಚಿದರು. ಅಂಟಿಕೊಂಡಿದ್ದ ಒಂದೆರಡನ್ನು ಉಗುರಿನಿಂದ ಕೆರೆದರು.